ಗಣಿ ಕಾಲದ ಗಾಡಿಗೆ ಹದಿನೈದು ತುಂಬಿತು

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ದೊಡ್ಡ ಗಾಡಿಗಳ ಬೆಲೆ ಇಳಿಯಿತು. ಅಲ್ಲಿಯವರೆಗೆ ಶೇ 28 ಜಿಎಸ್‌ಟಿ, ಅದರ ಮೇಲೆ ಶೇ 22 ಸೆಸ್ ಎಂದು ಅರ್ಧದಷ್ಟು ತೆರಿಗೆ ಹೊತ್ತಿದ್ದ ಎಸ್‌ಯುವಿಗಳು ಶೇ 40ಕ್ಕೆ ಬಂದು ನಿಂತವು. ಫಾರ್ಚೂನರ್ ಬೆಲೆಯನ್ನು 3.49 ಲಕ್ಷ ರೂಪಾಯಿವರೆಗೆ ಇಳಿಸುವುದಾಗಿ ಟೊಯೋಟಾ ಹೇಳಿತು. ಆಯುಧಪೂಜೆ ಹತ್ತಿರದಲ್ಲೇ ಇತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಎಷ್ಟೋ ಮನೆಗಳಲ್ಲಿ ‘ಹಳೇದನ್ನ ಕೊಟ್ಟು ಹೊಸದು ತರೋಣ’ ಎಂಬ ಮಾತು ಎದ್ದಿತು. ನವೆಂಬರ್‌ನಲ್ಲಿ ಇನ್ನೊಂದು ತೀರ್ಮಾನ ಹೊರಬಿತ್ತು: ತುಂಗಭದ್ರಾ ಜಲಾಶಯದ ಗೇಟುಗಳನ್ನು ಬದಲಿಸಬೇಕಿದೆ, ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲ. ಒಂದೇ ಹಂಗಾಮಿನಲ್ಲಿ ಗಾಡಿ ಅಗ್ಗವಾಯಿತು, ಗಾಡಿ ಕೊಳ್ಳುವ ದುಡ್ಡು ತುಟ್ಟಿಯಾಯಿತು.

ಇವೆರಡರ ನಡುವೆ ಮೂರನೆಯದೊಂದು ಸಂಗತಿ ಇದೆ. ಅದು ಬಳ್ಳಾರಿಗೆ ಮಾತ್ರ ಹೊಂದುವಂಥದ್ದು. ಗಣಿಯ ಭರಾಟೆಯ ಕೊನೆಯ ವರ್ಷಗಳಲ್ಲಿ ಕೊಂಡ ಗಾಡಿಗಳಿಗೆಲ್ಲ ಈಗ ಹದಿನೈದು ತುಂಬುತ್ತಿದೆ.

ಅದಿರಿಗೆ ಚೀನಾದಲ್ಲಿ ಬೇಡಿಕೆ ಏರಿದ್ದ ಕಾಲ. ಕೆಂಪು ದೂಳು ಮೆತ್ತಿದ ಲಾರಿಗಳ ಸಾಲಿನ ನಡುವೆ ಬೆಂಗಳೂರಿನಿಂದ ಬಂದವರೂ ತಿರುಗಿ ನೋಡುವಂಥ ಗಾಡಿಗಳು ಓಡಾಡುತ್ತಿದ್ದವು. 2002ರಲ್ಲಿ ಬಂದ ಪಜೆರೊ, 2003ರಲ್ಲಿ ಬಂದ ಎಂಡೀವರ್ ಆಗಲೇ ಇದ್ದವು. 2009ರ ಆಗಸ್ಟ್‌ನಲ್ಲಿ ಫಾರ್ಚೂನರ್ ಬಂತು. ದೆಹಲಿಯ ಷೋರೂಂ ಬೆಲೆ 18.45 ಲಕ್ಷ. ಬುಕಿಂಗ್ ತಾಳಲಾರದೆ ಕಂಪನಿಯೇ ಕೆಲಕಾಲ ಪುಸ್ತಕ ಮುಚ್ಚಿತು. ಎರಡು ವರ್ಷ ಕಳೆಯುವುದರೊಳಗೆ, 2011ರ ಜುಲೈನಲ್ಲಿ, ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ಕುರಿತ ವರದಿ ಸಲ್ಲಿಕೆಯಾಯಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಂತು ಕಟ್ಟಲಾಗದ ಲಾರಿಗಳು ಸಾಲುಸಾಲಾಗಿ ನಿಂತು ತುಕ್ಕು ಹಿಡಿದವು, ಫೈನಾನ್ಸಿನವರು ಎಳೆದುಕೊಂಡು ಹೋದರು. ದೊಡ್ಡ ಗಾಡಿಗಳ ಹಣೆಬರಹ ಬೇರೆಯಾಯಿತು. ಕೆಲವು ಮೊದಲ ಮಾಲೀಕರ ಬಳಿಯೇ ಉಳಿದವು. ಕೆಲವು ಅದಿರಿನ ಕೈಯಿಂದ ಅಕ್ಕಿಯ ಕೈಗೆ, ಅಲ್ಲಿಂದ ಮೆಣಸಿನಕಾಯಿಯ ಕೈಗೆ ದಾಟಿದವು. ಕುರುಗೋಡಿನ ಕಡೆ ಹೋದರೆ ದೊಡ್ಡಬಸವೇಶ್ವರನ ಗುಡಿಯ ಸುತ್ತಮುತ್ತ ಇಂಥವು ಇವತ್ತಿಗೂ ಕಣ್ಣಿಗೆ ಬೀಳುತ್ತವೆ. ಬಣ್ಣ ಮಾಸಿದ ಕೆಎ 34 ಗಾಡಿ, ಬಾನೆಟ್ ಮೇಲೆ ಒಣಗಿದ ಚೆಂಡು ಹೂವಿನ ಹಾರ, ಡಿಕ್ಕಿಯಲ್ಲಿ ಬೀಜದ ಚೀಲ.

ಹದಿನೈದು ತುಂಬಿದರೆ ಗಾಡಿ ಗುಜರಿಗೆ ಎಂದು ನಂಬಿದವರು ಬಹಳ. ಅದು ನಿಜವಲ್ಲ. ಆ ಗೊಂದಲ ಎರಡು ಕಡೆಯಿಂದ ಬಂದದ್ದು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನೇ ಎತ್ತಿಹಿಡಿಯಿತು; ಅದು ರಾಜಧಾನಿ ವಲಯಕ್ಕಷ್ಟೇ. ಇನ್ನೊಂದು, ಹದಿನೈದು ದಾಟಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕಲೇಬೇಕೆಂಬ 2023ರ ಏಪ್ರಿಲ್‌ನ ನಿಯಮ. ತಹಶೀಲ್ದಾರರ ಜೀಪು ಗುಜರಿಗೆ ಹೋದದ್ದನ್ನು ನೋಡಿದವರು ತಮ್ಮದೂ ಹೋಗುತ್ತದೆ ಅಂದುಕೊಂಡರು. ನಮ್ಮ ರಾಜ್ಯದಲ್ಲಿ ಖಾಸಗಿ ಗಾಡಿಗೆ ವಯಸ್ಸಿನ ಮಿತಿ ಇಲ್ಲ. ಆರ್‌ಟಿಒಗೆ ಗಾಡಿ ಒಯ್ದು ತೋರಿಸಿ, ಆರ್‌ಸಿ ನವೀಕರಿಸಿಕೊಂಡರೆ ಇನ್ನೈದು ವರ್ಷ ಓಡಿಸಬಹುದು. ಕಾರಿಗೆ ಶುಲ್ಕ 5,000 ರೂಪಾಯಿ, ಜೊತೆಗೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ 500 ದಂಡ. ಇಪ್ಪತ್ತು ದಾಟಿದರೆ 2025ರ ಆಗಸ್ಟ್‌ನಿಂದ ಶುಲ್ಕ 10,000. ವಿಮೆ ಚಾಲ್ತಿಯಲ್ಲಿರಬೇಕು, ಹೊಗೆ ತಪಾಸಣೆ ಆಗಿರಬೇಕು, ಹೊಸ ಮಾದರಿಯ ನಂಬರ್ ಪ್ಲೇಟ್ ಇರಬೇಕು, ಬಾಕಿ ದಂಡ ಕಟ್ಟಿರಬೇಕು. ಗಣಿ ಕಾಲದಲ್ಲಿ ಲ್ಯಾಂಡ್ ಕ್ರೂಸರ್, ಪ್ರಾಡೊ ತರಿಸಿಕೊಂಡವರಿಗೆ ಮಾತ್ರ ಪೆಟ್ಟು ಜೋರು: ಹೊರದೇಶದಿಂದ ಇಡಿಯಾಗಿ ಬಂದ ಗಾಡಿಯ ನವೀಕರಣಕ್ಕೆ 40,000, ಇಪ್ಪತ್ತು ದಾಟಿದರೆ 80,000.

ಅಂದರೆ ಕಾನೂನು ಯಾರನ್ನೂ ಹೊಸದು ಕೊಳ್ಳಿ ಎಂದು ದೂಡುತ್ತಿಲ್ಲ. ತೀರ್ಮಾನ ಮನೆಯವರದೇ.

ಸಿರುಗುಪ್ಪದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಇದೇ ವ್ಯಾಜ್ಯ ದಸರಾದಿಂದ ನಡೆದಿದೆ. ಮಾವನದು 2011ರ ಫಾರ್ಚೂನರ್, ಮೂರು ಲೀಟರ್ ಎಂಜಿನ್ನಿನದು. ಗದ್ದೆ ಇದೆ, ರೈಸ್ ಮಿಲ್ಲಿನಲ್ಲಿ ಪಾಲಿದೆ. ಮಗನಿಗೆ ಹೊಸದು ಬೇಕು. ಮಾವನ ವಾದ ಒಂದೇ: “ಒಂದಿನ ನಡುದಾರ್ಯಾಗ ಕೈಕೊಟ್ಟಿಲ್ಲ ಇದು. ಯಾಕ ಕೊಡ್ಲಿ ಹೇಳಪಾ?” ಮಗನದೂ ಒಂದೇ: “ಅಪ್ಪಾ, ರಾತ್ರಿ ಬ್ರೇಕ್ ಹೊಡದ್ರ ಎಲ್ಲಿ ನಿಂದ್ರತೈತಿ ಅಂತ ನಿನಗ ಗೊತ್ತೈತೇನು?” ಅತ್ತೆಯದು ಮೂರನೇ ಪಕ್ಷ. ಆಕೆಗೆ ಮೂರನೇ ಸಾಲಿನ ಸೀಟಿಗೆ ಹತ್ತಲು ಮಂಡಿ ಬಗ್ಗುವುದಿಲ್ಲ, ಅಷ್ಟೇ.

ನನ್ನನ್ನು ಕೇಳಿದರು. ನಾನು ಕಾಗದ ತೆಗೆದುಕೊಂಡು ಕೂತೆ.

ಹೊಸ ಫಾರ್ಚೂನರ್ ಬೆಲೆ ಇಳಿದ ಮೇಲೂ ಸುಮಾರು 34 ಲಕ್ಷದಿಂದ ಶುರು. ನಾಲ್ಕೂ ಗಾಲಿ ಎಳೆಯುವ ಮೇಲ್ದರ್ಜೆಯದಕ್ಕೆ 45 ಲಕ್ಷ ಮೀರುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಗಾಡಿಗೆ ಜೀವಾವಧಿ ತೆರಿಗೆ ಶೇ 18, ಸೆಸ್ ಸೇರಿದರೆ ಹತ್ತಿರ ಹತ್ತಿರ ಶೇ 20. 40 ಲಕ್ಷದ ಗಾಡಿ ಎಂದಿಟ್ಟುಕೊಳ್ಳಿ, ಆರ್‌ಟಿಒಗೇ 8 ಲಕ್ಷ. ವಿಮೆ ಸೇರಿ ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ 50 ಲಕ್ಷ. ದೆಹಲಿಯ ಸರ್ಕಾರ ತೆರಿಗೆ ಇಳಿಸಿದ್ದನ್ನು ಸಂಭ್ರಮಿಸಿದವರು ಬೆಂಗಳೂರಿನ ಸರ್ಕಾರದ ಪಾಲು ಹಾಗೆಯೇ ಇರುವುದನ್ನು ಮರೆತಿದ್ದರು.

ಹಳೆಯದಕ್ಕೆ ಎಷ್ಟು ಬರುತ್ತದೆ? ಈ ಭಾಗದಲ್ಲಿ ಒಬ್ಬರೇ ಮಾಲೀಕರ, ಚೆನ್ನಾಗಿಟ್ಟ 2011–12ರ ಫಾರ್ಚೂನರ್‌ಗೆ ಎಂಟರಿಂದ ಹತ್ತು ಲಕ್ಷ ಹೇಳುತ್ತಾರೆ. ಇದು ಬೇರೆ ಗಾಡಿಗಳಿಗಿಲ್ಲದ ಭಾಗ್ಯ. ಆದರೆ ಹೊಸದರ ಬೆಲೆ ಮೂರೂವರೆ ಲಕ್ಷ ಇಳಿದಾಗ ಹಳೆಯದರ ಬೆಲೆಯೂ ಕುಸಿಯುತ್ತದೆ ಎಂಬುದನ್ನು ಬ್ರೋಕರ್ ಮೊದಲು ಹೇಳುತ್ತಾನೆ, ಷೋರೂಮಿನವರು ಹೇಳುವುದೇ ಇಲ್ಲ. ಉಳಿದ 40 ಲಕ್ಷದಲ್ಲಿ 15 ಕೈಯಿಂದ ಹಾಕಿ 25 ಸಾಲ ತೆಗೆದರೆ, ಶೇ 9ರ ಬಡ್ಡಿಗೆ ಐದು ವರ್ಷ ತಿಂಗಳಿಗೆ ಸುಮಾರು 51,900 ರೂಪಾಯಿ ಕಂತು. ಬಡ್ಡಿಯೇ 6 ಲಕ್ಷದ ಮೇಲೆ.

‘ಹೊಸದಕ್ಕೆ ಮೈಲೇಜ್ ಜಾಸ್ತಿ’ ಎಂದು ಮಗ ಹೇಳಿದ. ಹೌದು. ಹಳೆಯದು ಲೀಟರಿಗೆ ಹತ್ತು ಕೊಟ್ಟರೆ ಹೊಸದು ಹನ್ನೆರಡೂವರೆ ಕೊಡಬಹುದು. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರಿಗೆ ಉಳಿಯುವುದು 300 ಲೀಟರ್ ಡೀಸೆಲ್. ಲೀಟರಿಗೆ 90 ಹಿಡಿದರೂ 27,000 ರೂಪಾಯಿ. ಅಂದರೆ ವರ್ಷವಿಡೀ ಉಳಿಸಿದ ಡೀಸೆಲ್ ಒಂದು ತಿಂಗಳ ಕಂತಿನ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮೈಲೇಜಿನ ಮಾತನ್ನು ಇಲ್ಲಿಗೇ ಬಿಡಬಹುದು.

ಇನ್ನು ರಿಪೇರಿ. ಹಳೆಯ ಗಾಡಿಗೆ ಒಂದು ವರ್ಷ ಒಂದೂವರೆ ಲಕ್ಷ ಖರ್ಚಾದರೆ ಮನೆಯವರೆಲ್ಲ ಹೌಹಾರುತ್ತಾರೆ. ಹೊಸ ಗಾಡಿ ಮೊದಲ ವರ್ಷದಲ್ಲೇ ಆರೇಳು ಲಕ್ಷ ಬೆಲೆ ಕಳೆದುಕೊಂಡರೆ ಯಾರೂ ಹೌಹಾರುವುದಿಲ್ಲ, ಏಕೆಂದರೆ ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಜೀವಾವಧಿ ತೆರಿಗೆಯಂತೂ ಕಟ್ಟಿದ ಗಳಿಗೆಯಿಂದಲೇ ನಮ್ಮದಲ್ಲ.

ಹೀಗೆ ಲೆಕ್ಕ ಹಾಕಿದರೆ ಹಳೆಯದೇ ಗೆಲ್ಲುತ್ತದೆ, ಪ್ರತಿ ಸಲವೂ. ಆದರೆ ಆ ಲೆಕ್ಕಕ್ಕೆ ಒಂದು ಆಧಾರ ಬೇಕು: ಗಾಡಿಯ ಒಳಗೇನಿದೆ ಎಂದು ನಿಜವಾಗಿ ಗೊತ್ತಿರಬೇಕು. ‘ಕೈಕೊಟ್ಟಿಲ್ಲ’ ಎನ್ನುವುದು ಕಳೆದ ಕಾಲದ ಸಾಕ್ಷಿ, ಮುಂದಿನ ಐದು ವರ್ಷಕ್ಕೆ ಜಾಮೀನಲ್ಲ. ಆ ಮೂರು ಲೀಟರ್ ಎಂಜಿನ್‌ ಗಟ್ಟಿ ಎಂಬುದರಲ್ಲಿ ಅನುಮಾನವಿಲ್ಲ. ಅದರ ಎರಡು ಗುಟ್ಟುಗಳನ್ನು ಮಾತ್ರ ಮಾಲೀಕರಿಗಿಂತ ಗ್ಯಾರೇಜಿನವರು ಚೆನ್ನಾಗಿ ಬಲ್ಲರು.

ಮೊದಲನೆಯದು ಟೈಮಿಂಗ್ ಬೆಲ್ಟ್. ಒಂದೂವರೆ ಲಕ್ಷ ಕಿಲೋಮೀಟರಿಗೆ ಅದನ್ನು ಬದಲಿಸಬೇಕು; ಮೀಟರಿನಲ್ಲಿ ಅದಕ್ಕೆಂದೇ ಒಂದು ದೀಪ ಹತ್ತುತ್ತದೆ. ಬೆಲ್ಟ್ ಹಾಕದೆ ದೀಪವನ್ನಷ್ಟೇ ಆರಿಸುವುದು ಮಾರುವವರಿಗೆ ಗೊತ್ತಿರುವ ಹಳೆಯ ಉಪಾಯ. ಬೆಲ್ಟ್ ಓಡುವಾಗ ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಹೆಡ್ಡೇ ಹೋಗುತ್ತದೆ. ಎರಡನೆಯದು ಇನ್ನೂ ಸಣ್ಣದು: ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್. ಅದು ಸವೆದು ಗಾಳಿ ಬಿಟ್ಟರೆ ಉರಿದ ಮಸಿ ಆಯಿಲಿಗೆ ಸೇರುತ್ತದೆ. ಆ ಮಸಿ ಡಾಂಬರಿನಂತೆ ಗಟ್ಟಿಯಾಗಿ ಕೆಳಗೆ ಆಯಿಲ್ ಹೀರುವ ಜಾಲರಿಯನ್ನು ಕಟ್ಟುತ್ತದೆ. ಆಯಿಲ್ ಮೇಲೇರದೆ ಬೇರಿಂಗ್ ಸುಡುತ್ತದೆ. ಕೆಲವೇ ನೂರು ರೂಪಾಯಿಯ ವಾಷರ್‌ಗಳಿಗಾಗಿ ಲಕ್ಷಗಳ ಎಂಜಿನ್ ಹೋದ ಉದಾಹರಣೆಗಳು ಈ ಎಂಜಿನ್ನಿನ ಪ್ರಾಡೊ, ಹೈಲಕ್ಸ್ ಓಡಿಸುವ ಆಸ್ಟ್ರೇಲಿಯಾದಲ್ಲೂ ಇವೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಕಟಕಟ ಸದ್ದು ಬರುತ್ತದೆಯೇ? ಹಾಗಿದ್ದರೆ ಸಂಪ್ ಬಿಚ್ಚಿಸಿ ಜಾಲರಿ ನೋಡಿ. ಹಳೆಯದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಜಾಲರಿಯಲ್ಲಿದೆ.

ಉಳಿದದ್ದು ನಮ್ಮ ನೆಲದ ಕೊಡುಗೆ. ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆ ಅಲೆಯಾಗುತ್ತದೆ. ಡಾಂಬರು ಕಣ್ಣಿಗೆ ನುಣ್ಣಗೆ ಕಂಡರೂ ಗಾಡಿ ತೊಟ್ಟಿಲಾಡುತ್ತದೆ. ಬಳ್ಳಾರಿಯಿಂದ ತೆಕ್ಕಲಕೋಟೆ ದಾಟಿ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿ 150ಎ ಮೇಲೆ ದಿನಾ ಓಡಾಡುವ ಗಾಡಿಯ ಬುಷ್, ಬಾಲ್ ಜಾಯಿಂಟ್, ಷಾಕ್ ಅಬ್ಸಾರ್ಬರ್ ಕಂಪನಿ ಪುಸ್ತಕದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿಗೆ ರಬ್ಬರ್ ಪೈಪು, ಬಾಗಿಲ ಬೀಡಿಂಗ್, ಬ್ಯಾಟರಿ ಮೊದಲು ಸಾಯುತ್ತವೆ. ಸಂಡೂರು, ತೋರಣಗಲ್ಲು ಕಡೆ ಓಡುವವಕ್ಕೆ ಅದಿರಿನ ದೂಳು. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ಓಡುವವಕ್ಕೆ ಭತ್ತದ ಹೊಟ್ಟು. ರೇಡಿಯೇಟರ್ ಸಂದಿಯಲ್ಲಿ ಹೊಟ್ಟು ಕೂತು ಎ.ಸಿ. ತಣ್ಣಗಾಗದಿದ್ದರೆ ಕಂಪ್ರೆಸರ್ ಹೋಗಿದೆ ಎಂದು ಹೇಳಿ ದುಡ್ಡು ಕೀಳುವ ಗ್ಯಾರೇಜುಗಳೂ ಇವೆ. ಮೊದಲು ನೀರು ಹಿಡಿದು ತೊಳೆಸಿ ನೋಡುವುದು ಒಳ್ಳೆಯದು.

ಫೋರ್ ವೀಲ್ ಡ್ರೈವ್ ಬೇಕೇ ಬೇಕು ಎನ್ನುವವರಿಗೂ ಒಂದು ಮಾತು. ಮಳೆಗಾಲದಲ್ಲಿ ಕಾಲುವೆ ಏರಿಯ ಮೇಲೆ ಎರೆಮಣ್ಣು ಗಾಲಿಗೆ ಸುತ್ತಿಕೊಂಡರೆ ಟೈರಿನ ಹಲ್ಲೇ ಮುಚ್ಚಿಹೋಗುತ್ತದೆ. ಹೆದ್ದಾರಿ ಟೈರು ಹಾಕಿದ ಅರ್ಧ ಕೋಟಿಯ ಗಾಡಿ ಅಲ್ಲಿ ಜಾರುತ್ತದೆ, ಪಕ್ಕದಲ್ಲಿ ಟ್ರ್ಯಾಕ್ಟರ್ ಹೋಗುತ್ತದೆ. ಗದ್ದೆಗೆ ದೊಡ್ಡ ಗಾಡಿ ಬೇಕೆನ್ನುವುದರಲ್ಲಿ ಸತ್ಯ ಕಾಲುಭಾಗ. ಮದುವೆ ಮನೆಯ ಮುಂದೆ ಇಳಿಯಲು ಬೇಕು ಎಂದರೆ ಅದನ್ನು ನಾನು ಒಪ್ಪುತ್ತೇನೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸಿರುಗುಪ್ಪಕ್ಕೆ ರೈಲಿಲ್ಲ. ಆಸ್ಪತ್ರೆಗೆ, ಮಂತ್ರಾಲಯಕ್ಕೆ, ತಿರುಪತಿಗೆ, ಬೀಗರ ಮನೆಗೆ ಹೋಗಲು ಏಳು ಜನ ಕೂರುವ ಗಾಡಿ ಈ ಕಡೆಯ ಕೂಡುಕುಟುಂಬಕ್ಕೆ ಶೋಕಿ ಅನ್ನಲಾಗದು.

ಎಲ್ಲ ಹಳೆಯ ಗಾಡಿಗಳೂ ಒಂದೇ ಅಲ್ಲ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಹೇಳಿದಾಗ ಎಂಡೀವರ್ ಇಟ್ಟುಕೊಂಡವರು ತಬ್ಬಲಿಗಳಾದರು. ಸರ್ವಿಸ್, ಬಿಡಿಭಾಗ ಕೊಡುತ್ತೇವೆ ಎಂದು ಕಂಪನಿ ಹೇಳಿದೆ, ಕೊಡುತ್ತಲೂ ಇದೆ. ಆದರೂ 3.2 ಲೀಟರಿನ ಐದು ಸಿಲಿಂಡರ್ ಎಂಜಿನ್ ಇಟ್ಟವರು ಅದನ್ನು ಮಾರಲು ಮನಸ್ಸೇ ಮಾಡುವುದಿಲ್ಲ, ಏಕೆಂದರೆ ಅಂಥದ್ದು ಮತ್ತೆ ಸಿಗುವುದಿಲ್ಲ. ಅವರಿಗೆ ನನ್ನ ಸಲಹೆ: ಇಟ್ಟುಕೊಳ್ಳಿ, ಆದರೆ ಮನೆಯಲ್ಲಿ ಇನ್ನೊಂದು ಗಾಡಿಯೂ ಇರಲಿ. ಬಿಡಿಭಾಗ ಬರುವವರೆಗೆ ಕಾಯಲು ಬೇಕಾದ್ದು ಅದು. ಪಜೆರೊ ಸ್ಪೋರ್ಟ್‌ನವರಿಗೂ ಇದೇ ಮಾತು.

ಜರ್ಮನ್ ಗಾಡಿಗಳ ವಿಷಯದಲ್ಲಿ ನನಗೆ ಕನಿಕರವಿಲ್ಲ. ಗಣಿ ಕಾಲದ ಆಡಿ, ಬಿಎಂಡಬ್ಲ್ಯುಗಳು ಈಗ ಇನ್ನೋವಾ ಬೆಲೆಗಿಂತ ಅಗ್ಗಕ್ಕೆ ಸಿಗುತ್ತವೆ, ಅಗ್ಗವಾಗಲು ಕಾರಣವಿದೆ. ಏರ್ ಸಸ್ಪೆನ್ಷನ್ನಿನ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟರೆ ಗಾಡಿ ಒಂದು ಮಗ್ಗುಲಿಗೆ ಕೂತುಬಿಡುತ್ತದೆ. ಲಾರಿ ಮೇಲೆ ಹೇರಿ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಬೇಕು. ದೆಹಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಇಳಿದು ಬರುವುದೂ ಹಳೆಯ ವ್ಯಾಪಾರ. ಅಲ್ಲಿಯ ಎನ್‌ಒಸಿ, ಇಲ್ಲಿಯ ಜೀವಾವಧಿ ತೆರಿಗೆ, ತಿರುಚಿದ ಕಿಲೋಮೀಟರ್ ಮೀಟರು, ಮೂರನ್ನೂ ಕೂಡಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ.

ಈಗ ಮಗನ ವಾದಕ್ಕೆ ಬರೋಣ. ಅವನು ಹೇಳಿದ ಬ್ರೇಕಿನ ಮಾತನ್ನು ಮಾವ ನಕ್ಕು ತಳ್ಳಿಹಾಕಿದ್ದರು. ತಳ್ಳಿಹಾಕುವಂಥದ್ದಲ್ಲ ಅದು. ಮೊದಲ ತಲೆಮಾರಿನ ಫಾರ್ಚೂನರ್‌ಗೆ ಹಿಂದಿನ ಗಾಲಿಗೆ ಡ್ರಮ್ ಬ್ರೇಕು, ಮುಂದೆ ಎರಡು ಏರ್‌ಬ್ಯಾಗು ಅಷ್ಟೇ. 2016ರ ನವೆಂಬರ್‌ನಲ್ಲಿ ಬಂದ ಎರಡನೇ ತಲೆಮಾರಿಗೆ ನಾಲ್ಕೂ ಡಿಸ್ಕ್, ಏಳು ಏರ್‌ಬ್ಯಾಗು. ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನು. ಸುಗ್ಗಿಯ ರಾತ್ರಿ ಈ ರಸ್ತೆಗಳಲ್ಲಿ ಓಡಾಡಿದವರಿಗೆ ಅದರ ಬೆಲೆ ಗೊತ್ತು. ಹಿಂದೆ ದೀಪವಿಲ್ಲದ ಟ್ರೇಲರ್, ಅದರ ಮೇಲೆ ಆಚೆ ಈಚೆ ಚಾಚಿಕೊಂಡ ಮೂಟೆ; ಅರ್ಧ ರಸ್ತೆಗೆ ಹರವಿದ ಭತ್ತ, ಅದರ ಅಂಚಿಗೆ ಇಟ್ಟ ಕಲ್ಲು; ಎದುರಿನಿಂದ ಹೈಬೀಮ್ ಹಾಕಿಕೊಂಡೇ ಬರುವ ಲಾರಿ. ಎರಡು ಟನ್ನಿಗೆ ಹತ್ತಿರದ, ಎತ್ತರದ ಗಾಡಿಯನ್ನು ಅಲ್ಲಿ ನೂರರ ವೇಗದಿಂದ ನಿಲ್ಲಿಸುವುದು ನಂಬಿಕೆಯ ಮಾತಲ್ಲ, ಬ್ರೇಕಿನ ಮಾತು. ಹಳೆಯದನ್ನು ಬದಲಿಸಲು ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ. ವಾರಕ್ಕೆರಡು ಸಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾತ್ರಿ ದೂರ ಹೋಗುವವರು ಬದಲಿಸಲಿ. ಊರಿಂದ ಮಿಲ್ಲು, ಮಿಲ್ಲಿಂದ ಬಳ್ಳಾರಿಯ ಎಪಿಎಂಸಿ, ಅಲ್ಲಿಂದ ಮನೆ ಎನ್ನುವವರು ಬ್ರೇಕ್ ಶೂ, ಟೈರು, ಹೆಡ್‌ಲೈಟು ಹೊಸದು ಹಾಕಿಸಲಿ. ನಾಲ್ಕು ಟೈರಿಗೆ ಅರ್ಧ ಲಕ್ಷದ ಆಸುಪಾಸು ಬೀಳುತ್ತದೆ, ಒಂದು ತಿಂಗಳ ಕಂತು.

ವಿಮೆಯ ಒಂದು ಸಂಗತಿಯನ್ನೂ ಮಾವನಿಗೆ ತೋರಿಸಿದೆ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗ ಬದಲಿಸಿದರೆ ವಿಮೆಯವರು ಶೇ 50 ಕಡಿದೇ ಕೊಡುವುದು. ರಬ್ಬರ್, ಪ್ಲಾಸ್ಟಿಕ್‌ಗೂ ಅಷ್ಟೇ. ಝೀರೊ ಡೆಪ್ ಎಂಬ ಸೌಲಭ್ಯ ಆ ವಯಸ್ಸಿನ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬಂಪರಿನಿಂದ ಬಾನೆಟ್‌ವರೆಗೆ ಹೋದರೆ ಅರ್ಧ ಬಿಲ್ಲು ನಮ್ಮದೇ. ಹಳೆಯದನ್ನು ಇಟ್ಟುಕೊಳ್ಳುವವರು ಒಂದೆರಡು ಲಕ್ಷವನ್ನು ಬ್ಯಾಂಕಿನಲ್ಲಿ ಗಾಡಿಯ ಹೆಸರಿಗೇ ಎತ್ತಿಡಬೇಕು. ಇನ್ನೊಂದು ಕಡೆ, ಕ್ಲೇಮು ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಮಾಲೀಕನದು. ಶೇ 50 ಇದ್ದರೆ ಅದನ್ನು ಹೊಸ ಗಾಡಿಗೆ ಒಯ್ಯಬಹುದು. ಎಕ್ಸ್‌ಚೇಂಜಿನ ಗಡಿಬಿಡಿಯಲ್ಲಿ ಇದನ್ನು ಕೇಳಿ ಪಡೆಯದವರೇ ಹೆಚ್ಚು.

ನೀರಿನ ಮಾತು ಬಾಕಿ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರದೊಳಗೆ ಅಲ್ಲಿ ತಾತ್ಕಾಲಿಕ ತಡೆ ಕೂರಿಸಿದರು. ಆದರೆ 33 ಗೇಟುಗಳೂ 1950ರ ದಶಕದವು. ಒಂದು ಹೋದ ಮೇಲೆ ಉಳಿದವುಗಳ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಮರುವರ್ಷ ಸುಮಾರು 105 ಟಿಎಂಸಿ ಅಡಿಯ ಜಲಾಶಯದಲ್ಲಿ 80ರಷ್ಟೇ ನಿಲ್ಲಿಸಿದರು, ಬೇಸಿಗೆ ಬೆಳೆಗೆ ನೀರು ಬಿಡದೆ ಗೇಟು ಬದಲಿಸಲು ಹೊರಟರು. ಕೆಂಚನಗುಡ್ಡದ ಬಳಿ ವಿಜಯನಗರ ಕಾಲದ ಕಾಲುವೆಗಳನ್ನು ಕಂಡ ಸಿರುಗುಪ್ಪಕ್ಕೆ ನೀರಿನ ಲೆಕ್ಕ ಹೊಸದಲ್ಲ. ಎರಡು ಬೆಳೆಯ ಭೂಮಿ ಒಂದೇ ಬೆಳೆಗೆ ಇಳಿದರೆ ಭತ್ತ ಬೆಳೆದವನಿಗೆ ಮಾತ್ರವಲ್ಲ, ಅದನ್ನು ಅಕ್ಕಿ ಮಾಡುವ ಮಿಲ್ಲಿಗೂ ಅರ್ಧ ವರ್ಷ ಕೆಲಸ ಕಡಿಮೆ. ಕುರುಗೋಡಿನ ಮೆಣಸಿನಕಾಯಿಯವರಿಗಂತೂ ನೀರೊಂದೇ ಅಲ್ಲ, ಬ್ಯಾಡಗಿ ಮಾರುಕಟ್ಟೆಯ ದರವೂ ಕೈಯಲ್ಲಿಲ್ಲ.

ಕಾರಿನ ಸಾಲ ಇದನ್ನು ಕೇಳುವುದಿಲ್ಲ. ಟ್ರ್ಯಾಕ್ಟರ್ ಸಾಲಕ್ಕೆ ಸುಗ್ಗಿ ನೋಡಿಕೊಂಡು ಆರು ತಿಂಗಳ ಕಂತು ಇರುತ್ತದೆ; ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ತಿಂಗಳ ಕಂತನ್ನೇ ಕೇಳುತ್ತವೆ. ತಿಂಗಳ ಸಂಬಳದವರಿಗೆ ಹೊಲಿದ ಅಂಗಿ ಅದು. ವರ್ಷಕ್ಕೆ ಎರಡು ಸಲ, ಈ ಸಲ ಒಂದೇ ಸಲ, ದುಡ್ಡು ಕಾಣುವ ಮನೆ ತಿಂಗಳಿಗೆ 51,900 ಕಟ್ಟಲು ಕೊನೆಗೆ ಕೈಗಡಕ್ಕೆ ಇಳಿಯುತ್ತದೆ, ಶೇ 9ರ ಸಾಲದ ಕಂತಿಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ದುಡ್ಡು ತರುತ್ತದೆ. 2011ರಲ್ಲಿ ಲಾರಿಗಳಿಗೆ ಆದದ್ದೂ ಇದೇ: ದುಡಿಮೆ ನಿಂತಿತು, ಕಂತು ನಿಲ್ಲಲಿಲ್ಲ. ಎರಡನೇ ಬೆಳೆಯ ಭರವಸೆ ಇಲ್ಲದ ವರ್ಷದಲ್ಲಿ ಸಾಲ ಮಾಡಿ ಗಾಡಿ ತರಬಾರದು ಎಂದು ನಾನು ಮಾವನಿಗೆ ಖಂಡಿತವಾಗಿ ಹೇಳಿದೆ. ಮಗ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ.

ಅವನ ಮುನಿಸು ಇಳಿಸಲು ಒಂದು ನಡುದಾರಿಯನ್ನೂ ಹೇಳಿದ್ದೇನೆ. ಇದೇ ರಾಜ್ಯದಲ್ಲಿ ನೋಂದಣಿಯಾದ, ಒಬ್ಬರೇ ಓಡಿಸಿದ, ಐದಾರು ವರ್ಷದ ಎರಡನೇ ತಲೆಮಾರಿನ ಗಾಡಿ. ಜೀವಾವಧಿ ತೆರಿಗೆ ಮೊದಲಿನವರೇ ಕಟ್ಟಿರುತ್ತಾರೆ, ದೊಡ್ಡ ಸವಕಳಿ ಅವರೇ ನುಂಗಿರುತ್ತಾರೆ, ಡಿಸ್ಕು ಏರ್‌ಬ್ಯಾಗು ನಮಗೆ ಸಿಗುತ್ತವೆ. 2020ರ ಏಪ್ರಿಲ್‌ಗೆ ಮುಂಚಿನದಾದರೆ ಬಿಎಸ್6ರ ಡಿಪಿಎಫ್ ಎಂಬ ಮಸಿ ಜಾಲರಿಯ ಗೋಜೂ ಇಲ್ಲ. ಊರೊಳಗೇ ಓಡುವ ಹೊಸ ಡೀಸೆಲ್ ಗಾಡಿಗಳಲ್ಲಿ ಅದು ಕಟ್ಟಿಕೊಂಡು ದೀಪ ಹತ್ತುವುದು ಸಾಮಾನ್ಯ. ಹೆದ್ದಾರಿಗೆ ಒಯ್ದು ಸ್ವಲ್ಪ ಹೊತ್ತು ಓಡಿಸಿ ಸುಡಬೇಕು. ಕಾಲುವೆ ಏರಿಗೆ ಹೋಗುವ ಹಂಗೇ ಇಲ್ಲದವರು ಪೆಟ್ರೋಲ್ ಹೈಬ್ರಿಡ್ ಇನ್ನೋವಾ ಹೈಕ್ರಾಸ್ ನೋಡಬಹುದು. ಅತ್ತೆಯ ಮಂಡಿಗೂ ಅದೇ ಹಿತ. ಆದರೆ ಅದನ್ನು ದೊಡ್ಡ ಗಾಡಿ ಎಂದು ಸಿರುಗುಪ್ಪದಲ್ಲಿ ಯಾರೂ ಒಪ್ಪುವುದಿಲ್ಲ!

ಕೊಳ್ಳುವುದೇ ಖಾತ್ರಿ ಎಂದಾದರೆ ಯಾರ ಹೆಸರಿಗೆ ಎಂಬುದನ್ನು ಮೊದಲೇ ಯೋಚಿಸಬೇಕು. 10 ಲಕ್ಷ ಮೀರಿದ ಗಾಡಿಗೆ ಷೋರೂಮಿನಲ್ಲೇ ಶೇ 1 ಟಿಸಿಎಸ್ ಹಿಡಿಯುತ್ತಾರೆ. 40 ಲಕ್ಷಕ್ಕೆ 40,000. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ನಾವು ರಿಟರ್ನ್ಸ್ ಹಾಕುವುದಿಲ್ಲ ಎನ್ನುವ ರೈತರು ಈ ದುಡ್ಡನ್ನು ಸರ್ಕಾರಕ್ಕೆ ಸುಮ್ಮನೆ ಬಿಟ್ಟುಕೊಡುತ್ತಾರೆ. ರಿಟರ್ನ್ಸ್ ಹಾಕಿದರೆ ವಾಪಸು ಬರುತ್ತದೆ. ಮಿಲ್ಲಿನ ಹೆಸರಿಗೆ ಕೊಂಡರೆ ವರ್ಷಕ್ಕೆ ಶೇ 15 ಸವಕಳಿ ತೋರಿಸಬಹುದು, ಆದರೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಸಿಗದು. ಮುಂದೆ ಮಾರುವಾಗ, ಪುಸ್ತಕದಲ್ಲಿ ಉಳಿದ ಬೆಲೆಗಿಂತ ಹೆಚ್ಚಿಗೆ ಬಂದ ದುಡ್ಡಿನ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಎಲ್ಲ ಹಳೆಯ ಗಾಡಿಗಳಿಗೂ ಇದೇ ದರ ಎಂದು ತೀರ್ಮಾನಿಸಿತು. ಸ್ವಂತ ಹೆಸರಿನ ಗಾಡಿಯನ್ನು ಇನ್ನೊಬ್ಬರಿಗೆ ಮಾರಿದರೆ ಈ ತೆರಿಗೆ ಇಲ್ಲ.

ಮಾರುವವರು ಗಮನಿಸಬೇಕಾದ್ದು ಇನ್ನೊಂದಿದೆ, ಗಡಿಯ ಊರುಗಳಿಗೆ ವಿಶೇಷವಾಗಿ. ಹಳೆಯ ದೊಡ್ಡ ಗಾಡಿಗಳಿಗೆ ಆದೋನಿ, ಗುಂತಕಲ್ಲು, ಅನಂತಪುರದ ಕಡೆಯಿಂದ ಗಿರಾಕಿ ಬರುವುದು ಮಾಮೂಲು. ದುಡ್ಡು ನಗದು, ಮಾತು ಮಧುರ. ಗಾಡಿ ಗಡಿ ದಾಟುತ್ತದೆ, ಆರ್‌ಸಿ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಆ ಗಾಡಿ ಎಲ್ಲೋ ಯಾರಿಗೋ ಗುದ್ದಿದರೆ, ವಿಮೆ ಇಲ್ಲದಿದ್ದರೆ, ಪರಿಹಾರದ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ, ಹೊರರಾಜ್ಯಕ್ಕಾದರೆ ಎನ್‌ಒಸಿ ಸಮೇತ 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. 2023ರ ಏಪ್ರಿಲ್‌ನಿಂದ ನೋಂದಾಯಿತ ಹಳೆ ಗಾಡಿ ಡೀಲರ್‌ಗಳಿಗೆ ಕೊಟ್ಟರೆ ಪೋರ್ಟಲ್ಲಿನಲ್ಲಿ ಫಾರಂ 29ಸಿ ತುಂಬಿದ ಕ್ಷಣದಿಂದ ಹೊಣೆ ಡೀಲರ್‌ನದು. ಅದು ಬಿಟ್ಟು ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಮನೆಗೆ ಬಂದವರು ಬಳ್ಳಾರಿಯಲ್ಲಿ ಎಷ್ಟೋ ಜನ. ಮಾವನಿಗೂ ಆದೋನಿಯಿಂದ ಒಬ್ಬ ಗಿರಾಕಿ ಬಂದಿದ್ದ, ಒಂಬತ್ತೂವರೆ ಲಕ್ಷಕ್ಕೆ. ಹೆಸರು ವರ್ಗಾವಣೆ ಆಮೇಲೆ ಮಾಡಿಕೊಳ್ಳುತ್ತೇನೆ ಅಂದ. ಮಾವ ಅವನಿಗೆ ಚಹಾ ಕುಡಿಸಿ ಕಳಿಸಿದರು, ಮರುದಿನ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಸಂಪ್ ಬಿಚ್ಚಿಸಿದರು.